ಕೆಂಪು ಗೆರೆಯ ಲೆಕ್ಕ ಯಾರ ಕೈಯಲ್ಲಿ?

(ಒಬ್ಬರು ನಗರ ಯೋಜನೆಯ ಕಚೇರಿಯಲ್ಲಿ ಸರ್ವಿಸ್ ಮುಗಿಸಿ ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಅವರ ತಮ್ಮನ ಮಗಳು. ಆರ್ಕಿಟೆಕ್ಚರ್ ಓದಿ ಈಗ ಊರುಗಳ ಬೀದಿಜಾಲದ ಮೇಲೆ ಸಂಶೋಧನೆ ಮಾಡುತ್ತಿರುವವಳು. ಮಾತು ನಡೆದದ್ದು ಮಲ್ಲೇಶ್ವರದ ಮನೆಯಲ್ಲಿ.)

ಹಿರಿಯರು: ಅಲ್ಲಮ್ಮ, ಒಂದು ವಿಶ್ವವಿದ್ಯಾನಿಲಯ ವರ್ಷಗಟ್ಟಲೆ ಸಂಬಳ ಕೊಟ್ಟು ಒಂದು ಸಾಫ್ಟ್‌ವೇರ್ ಮಾಡಿಸುತ್ತೆ. ಆಮೇಲೆ ಒಂದು ದಿನ ಕೋಡ್ ಸಮೇತ ಯಾರು ಬೇಕಾದರೂ ತಗೊಳ್ಳಿ ಅಂತ ಬಿಟ್ಟುಬಿಡುತ್ತೆ. ಇದನ್ನು ಔದಾರ್ಯ ಅನ್ನಬೇಕೋ, ಸಾಕಲಾರದೆ ಕೈತೊಳೆದುಕೊಂಡದ್ದು ಅನ್ನಬೇಕೋ?

ಕಿರಿಯಳು: ಡೆಪ್ತ್‌ಮ್ಯಾಪ್ ವಿಚಾರ ತಾನೇ ದೊಡ್ಡಪ್ಪ, ನೀವು ಕೇಳ್ತಿರೋದು? ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಬಗ್ಗಿ ನೋಡ್ತಿದ್ದಿರಿ.

ಹಿರಿಯರು: ಅದೇ. ನಕ್ಷೆ ತುಂಬ ಕೆಂಪು, ಹಳದಿ, ನೀಲಿ ಗೆರೆ. ನಾನು ಕೆಲಸದಲ್ಲಿದ್ದಾಗ ಕನ್ಸಲ್ಟೆಂಟರು ಇಂಥವೇ ತಂದು ಪರದೆ ಮೇಲೆ ಬಿಡ್ತಿದ್ದರು. ಒಂದು ಸಲ ಕೇಳಿದೆ, ಈ ರಸ್ತೆ ಯಾಕಪ್ಪ ಕೆಂಪು ಅಂತ. ‘ಸಾಫ್ಟ್‌ವೇರ್ ಹಾಗೆ ತೋರಿಸ್ತಿದೆ ಸರ್’ ಅಂದ. ಸಾಫ್ಟ್‌ವೇರಿಗೆ ಯಾರು ಹೇಳಿಕೊಟ್ಟರು ಅಂದೆ. ಪಕ್ಕದವನ ಮುಖ ನೋಡಿದ. ಅಷ್ಟರಲ್ಲಿ ಕಾಫಿ ಬಂತು, ಮೀಟಿಂಗ್ ಮುಗೀತು.

ಕಿರಿಯಳು: ನೀವು ಅವತ್ತು ಕೇಳಿದ್ದೇ ಸರಿಯಾದ ಪ್ರಶ್ನೆ. ಲೆಕ್ಕ ಏನು ಅಂತ ಮೊದಲು ಹೇಳ್ತೀನಿ, ಇಲ್ಲೇ ನಮ್ಮ ಬೀದಿ ಇಟ್ಟುಕೊಂಡು. ಸಂಪಿಗೆ ರಸ್ತೆ ಒಂದು ಉದ್ದ ಗೆರೆ. ಮಾರ್ಗೋಸಾ ರಸ್ತೆ ಅದರ ಪಕ್ಕಕ್ಕೆ ಇನ್ನೊಂದು. ನಡುವೆ ಅಡ್ಡಡ್ಡ ಕ್ರಾಸ್‌ಗಳು. ಸಂಪಿಗೆ ರಸ್ತೆಯಲ್ಲಿ ನಿಂತವನಿಗೆ ಎಂಟನೇ ಕ್ರಾಸಿಗಾಗಲಿ, ಹದಿನೈದನೇ ಕ್ರಾಸಿಗಾಗಲಿ ಹೋಗೋಕೆ ಒಂದೇ ತಿರುವು. ಮಾರ್ಗೋಸಾಗೆ ಎರಡು. ಅದೇ ಯಾವುದೋ ಕ್ರಾಸಿನ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಿಂದ ಹೊರಟವನು ಎಲ್ಲಿಗೆ ಹೋಗಬೇಕಾದರೂ ಇನ್ನಷ್ಟು ತಿರುಗಬೇಕು. ಹೀಗೆ ಪ್ರತಿ ಗೆರೆಯಿಂದ ಉಳಿದೆಲ್ಲ ಗೆರೆಗಳಿಗೆ ಎಷ್ಟು ತಿರುವು ಅಂತ ಎಣಿಸಿ ಸರಾಸರಿ ತೆಗೀತಾರೆ. ಕಡಿಮೆ ತಿರುವಿನದು ಕೆಂಪು, ಜಾಸ್ತಿ ತಿರುವಿನದು ನೀಲಿ. ಜನರ ಓಡಾಟ, ಅಂಗಡಿ ಮುಂಗಟ್ಟು ಕೆಂಪು ಗೆರೆಗಳ ಕಡೆ ವಾಲುತ್ತೆ ಅನ್ನೋದು ವಾದ. ಚಿಕ್ಕಪೇಟೆ, ಅವೆನ್ಯೂ ರಸ್ತೆ ಕೂಡುವ ಕಡೆ ವ್ಯಾಪಾರ ಯಾಕೆ ಅಷ್ಟು ಗಟ್ಟಿ ಅಂತ ನೀವೇ ಯೋಚನೆ ಮಾಡಿ.

ಹಿರಿಯರು: ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಯಾವ ಸೇಠು ಬೇಕಾದರೂ ಹೇಳ್ತಾನೆ.

ಕಿರಿಯಳು: ಹೇಳ್ತಾನೆ. ಆದರೆ ನಾಳೆ ಅಲ್ಲೊಂದು ಬೀದಿ ಮುಚ್ಚಿ, ಇಲ್ಲೊಂದು ತೆರೆದರೆ ಎಷ್ಟು ಬದಲಾಗುತ್ತೆ ಅಂತ ಹೇಳಲಾರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿಲ್ ಹಿಲಿಯರ್, ಜೂಲಿಯೆನ್ ಹ್ಯಾನ್ಸನ್ ಮತ್ತವರ ಜೊತೆಗಾರರು 1970ರ ದಶಕದಲ್ಲಿ ಶುರು ಮಾಡಿದ್ದು ಆ ‘ಎಷ್ಟು’ ಅನ್ನೋದರ ಹುಡುಕಾಟ. ಸ್ಪೇಸ್ ಸಿಂಟ್ಯಾಕ್ಸ್ ಅಂತ ಅದಕ್ಕೆ ಹೆಸರು. 1984ರಲ್ಲಿ ಅವರಿಬ್ಬರ ‘ದಿ ಸೋಷಿಯಲ್ ಲಾಜಿಕ್ ಆಫ್ ಸ್ಪೇಸ್’ ಬಂತು. ಟ್ರಫಾಲ್ಗರ್ ಸ್ಕ್ವೇರ್ ಗೊತ್ತಲ್ಲ ನಿಮಗೆ?

ಹಿರಿಯರು: ಪಾರಿವಾಳ.

ಕಿರಿಯಳು: ಪಾರಿವಾಳದ ಜೊತೆ ಪ್ರವಾಸಿಗಳು. ಲಂಡನ್ನಿನವರು ಮಾತ್ರ ಚೌಕದ ನಡುವೆ ಕಾಲಿಡದೆ ಅಂಚಿನಲ್ಲೇ ಸುತ್ತಿಕೊಂಡು ಹೋಗ್ತಿದ್ದರು. ಇದೇ ವಿದ್ಯೆಯವರು ಜನ ಹೇಗೆ ನಡೀತಾರೆ ಅಂತ ನಿಂತು ನೋಡಿ, ನಕ್ಷೆಯ ಮೇಲೆ ಲೆಕ್ಕ ಹಾಕಿ, ನಾರ್ಮನ್ ಫಾಸ್ಟರ್ ಅವರ ಕಚೇರಿಯ ಜೊತೆ ಕೆಲಸ ಮಾಡಿದರು. 2003ರಲ್ಲಿ ಉತ್ತರದ ರಸ್ತೆಯನ್ನು ವಾಹನಗಳಿಗೆ ಮುಚ್ಚಿದರು, ನ್ಯಾಷನಲ್ ಗ್ಯಾಲರಿ ಕಡೆಯಿಂದ ಚೌಕಕ್ಕೆ ನಟ್ಟನಡುವೆ ಅಗಲವಾದ ಮೆಟ್ಟಿಲು ಇಳಿಸಿದರು. ಈಗ ಜನ ನಡುವಿನಿಂದಲೇ ಹಾದುಹೋಗ್ತಾರೆ.

ಹಿರಿಯರು: ಒಳ್ಳೇದಾಯಿತು. ಆದರೆ ಅದಕ್ಕೂ ಕೋಡ್ ತೆರೆದಿಡೋದಕ್ಕೂ ಏನು ಸಂಬಂಧ? ಮೆಟ್ಟಿಲು ಕಟ್ಟುವಾಗ ಆ ಕೋಡ್ ಮುಚ್ಚೇ ಇತ್ತಲ್ಲ.

ಕಿರಿಯಳು: ಇತ್ತು. ಕೆಲಸ ಆಯಿತು ಅನ್ನೋದಷ್ಟೇ ಮುಖ್ಯವಾದರೆ ಮುಚ್ಚಿದ್ದರೂ ನಡೆಯುತ್ತೆ. ಅದು ಶಾಸ್ತ್ರ ಅಂತ ಒಪ್ಪಬೇಕಾದರೆ ನಡೆಯಲ್ಲ. ಆ ಗೆರೆಗಳನ್ನು ಯಾರು ಎಳೀತಾರೆ, ಅದನ್ನು ಕೇಳಿ ನೀವು.

ಹಿರಿಯರು: ಕಂಪ್ಯೂಟರ್ ಎಳೆಯುತ್ತೆ ಅಂದುಕೊಂಡಿದ್ದೆ.

ಕಿರಿಯಳು: ಬಹಳ ಕಾಲ ಕೈಯಲ್ಲೇ ಎಳೀತಿದ್ದರು. ನಕ್ಷೆ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಊರಿನ ಖಾಲಿ ಜಾಗವನ್ನೆಲ್ಲ ಹಾಯುವಂತೆ ಆದಷ್ಟು ಉದ್ದದ, ಆದಷ್ಟು ಕಡಿಮೆ ಗೆರೆ. ನಿಯಮ ಅಷ್ಟೇ. ಆದರೆ ಸ್ವಲ್ಪ ಬಳುಕಿದ ಬೀದಿ ಬಂದರೆ ಒಂದೇ ಗೆರೆ ಹಾಯುತ್ತೋ, ಎರಡು ಬೇಕೋ? ನಾನೊಂದು ಎಳೀತೀನಿ, ನೀವೊಂದು ಎಳೀತೀರಿ. ಒಂದು ಗೆರೆ ಎರಡಾದರೆ ಆ ಬೀದಿ ದಾಟಿ ಹೋಗುವ ದಾರಿಗೆಲ್ಲ ಒಂದು ತಿರುವು ಜಾಸ್ತಿ.

ಹಿರಿಯರು: ಅಂದರೆ ಡ್ರಾಫ್ಟ್ಸ್‌ಮನ್ ಕೈ ನಡುಗಿದರೆ ಊರಿನ ವ್ಯಾಪಾರ ಬದಲಾಗುತ್ತೆ!

ಕಿರಿಯಳು: ನಗಬೇಡಿ, 2004ರಲ್ಲಿ ಕಾರ್ಲೊ ರಾಟ್ಟಿ ಹೆಚ್ಚುಕಮ್ಮಿ ಅದೇ ಮಾತನ್ನು ಸಂಶೋಧನಾ ಪತ್ರಿಕೆಯಲ್ಲಿ ಬರೆದರು. ಚೌಕುಳಿ ಬೀದಿಗಳಿರುವ ಒಂದು ಊರನ್ನು ಸ್ವಲ್ಪಸ್ವಲ್ಪವೇ ಬಾಗಿಸ್ತಾ ಹೋದರೆ, ಒಂದು ಹಂತದಲ್ಲಿ ಉದ್ದ ಗೆರೆ ತಟ್ಟನೆ ತುಂಡಾಗುತ್ತೆ, ಅಂಕಿ ಜಿಗಿಯುತ್ತೆ. ಊರು ಕೂದಲೆಳೆಯಷ್ಟು ಬದಲಾದರೆ ಉತ್ತರ ಮೊಳದಷ್ಟು ಬದಲಾಗಬಹುದೇ ಅನ್ನೋದು ಅವರ ತಕರಾರು. ಹಿಲಿಯರ್, ಆಲನ್ ಪೆನ್ ಇಬ್ಬರೂ ಸೇರಿ ಉತ್ತರ ಕೊಟ್ಟರು. ಮಾತಿಗೆ ಮಾತು ಬೆಳೀತು. ಮರುವರ್ಷ, 2005ರಲ್ಲಿ, ಅಲಸ್ಡೇರ್ ಟರ್ನರ್ ಅನ್ನೋವರು ಪೆನ್, ಹಿಲಿಯರ್ ಜೊತೆ ಸೇರಿ ಗೆರೆ ಎಳೆಯೋದಕ್ಕೇ ಒಂದು ಅಲ್ಗಾರಿದಮ್ ಬರೆದು ಪ್ರಕಟಿಸಿದರು. ಡೆಪ್ತ್‌ಮ್ಯಾಪ್ ಕಟ್ಟಿದವರು ಟರ್ನರ್ ಅವರೇ.

ಹಿರಿಯರು: ಹಾಗಾದರೆ ಕೈ ನಡುಕ ನಿಂತಿತು.

ಕಿರಿಯಳು: ಕೈಯಿಂದ ಕೋಡಿಗೆ ಹೋಯಿತು. ಬನ್ನಿ, ತೋರಿಸ್ತೀನಿ. ಮೊದಲು ಪ್ರೋಗ್ರಾಂ ಸಾಧ್ಯವಿರೋ ಗೆರೆಗಳನ್ನೆಲ್ಲ ಎಳೆಯುತ್ತೆ. ನೋಡಿ, ನಾಲ್ಕು ಬೀದಿಗೇ ಎಷ್ಟು ದಟ್ಟವಾಯಿತು, ಬೀದಿಯೇ ಕಾಣಲ್ಲ. ಈಗ ಮೆನುವಿನಲ್ಲಿ ‘ಕಡಿಮೆ ಗೆರೆಗಳಿಗೆ ಇಳಿಸು’ ಅನ್ನೋ ಅರ್ಥದ ಆಜ್ಞೆ ಒತ್ತಿದೆ. ಏನಾಯಿತು?

ಹಿರಿಯರು: ಎರಡು ನಕ್ಷೆ ಬಂತು.

ಕಿರಿಯಳು: ಒಂದೇ ಊರು, ಒಂದೇ ಯಂತ್ರ, ಎರಡು ಉತ್ತರ. ಎರಡರಲ್ಲೂ ಗೆರೆಗಳ ಲೆಕ್ಕ ಬೇರೆ ಬೇರೆ ಬರಬಹುದು. ಗೆರೆ ಕಿತ್ತು ಹಾಕುವ ನಿಯಮ ಎರಡಕ್ಕೂ ಬೇರೆ. 2005ರ ಆ ಪ್ರಬಂಧದಲ್ಲಿ ಅದರ ಸೂತ್ರ ಸಿಗುತ್ತೆ. ಆದರೆ ಒಂದೇ ಉದ್ದದ ಎರಡು ಗೆರೆಗಳು ಎದುರುಬದುರು ನಿಂತರೆ ಯಾವುದನ್ನು ಮೊದಲು ಕೀಳಬೇಕು, ಅಂಥ ಸಣ್ಣ ತೀರ್ಮಾನಗಳಿಗೆ ಪ್ರಬಂಧದಲ್ಲಿ ಜಾಗ ಇರಲ್ಲ. ಕೋಡಿನಲ್ಲಿ ಮಾತ್ರ ಇರುತ್ತೆ. ನನ್ನ ಫಲಿತಾಂಶ ಯಾಕೆ ಹೀಗೆ ಬಂತು ಅಂತ ಗೈಡ್ ಕೇಳಿದರೆ ನಾನು ಕೊನೆಗೆ ಹೋಗಿ ನಿಲ್ಲಬೇಕಾದದ್ದು ಅಲ್ಲಿ. ಅಲ್ಲಿ ಬೀಗ ಇದ್ದರೆ ನಾನೂ ನಿಮ್ಮ ಕನ್ಸಲ್ಟೆಂಟನ ಹಾಗೆ ಪಕ್ಕದವರ ಮುಖ ನೋಡಬೇಕು.

ಹಿರಿಯರು: ಒಪ್ಪಿದೆ. ಪಂಚಾಂಗದವರೂ ಅಷ್ಟೇ. ಒಂದರಲ್ಲಿ ಏಕಾದಶಿ ಇವತ್ತು, ಇನ್ನೊಂದರಲ್ಲಿ ನಾಳೆ. ಆದರೆ ಸೂರ್ಯಸಿದ್ಧಾಂತವೋ ದೃಗ್ಗಣಿತವೋ ಅಂತ ಮುಖಪುಟದ ಹಿಂದೆಯೇ ಹಾಕಿರ್ತಾರೆ. ಬೇಕಾದವನು ಕೂತು ಗುಣಿಸಿ ನೋಡಬಹುದು. ಸರಿ, ಕೋಡ್ ಎಂದಿನಿಂದ ತೆರೆದಿದೆ?

ಕಿರಿಯಳು: ಫೈಲ್ ತೆರೆದರೆ ಮೇಲ್ಗಡೆಯೇ ಚರಿತ್ರೆ ಇದೆ. ಓದಿ. 2000ದಿಂದ 2010ರವರೆಗಿನ ಹಕ್ಕು ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಅಲಸ್ಡೇರ್ ಟರ್ನರ್. ಅದರ ಕೆಳಗೆ 2011ರಿಂದ ಟಾಸೊಸ್ ವರೂಡಿಸ್. ಆಮೇಲೆ ಜಿಪಿಎಲ್ ಅನ್ನೋ ಮುಕ್ತ ಪರವಾನಗಿಯ ಒಕ್ಕಣೆ. ಮೊದಲ ಹತ್ತು ವರ್ಷ ಇದು ಓದುವವರಿಗೆ ಬಳಸೋಕೆ ಸಿಗ್ತಿತ್ತು, ಒಳಗೆ ನೋಡೋಕೆ ಸಿಗ್ತಿರಲಿಲ್ಲ. ವಿಂಡೋಸ್ ಮೇಲೆ ಮಾತ್ರ ಓಡ್ತಿತ್ತು. ಟರ್ನರ್ 2011ರಲ್ಲಿ ತೀರಿಕೊಂಡರು. ಇನ್ನೂ ಸಣ್ಣ ವಯಸ್ಸು.

ಹಿರಿಯರು: ಅಯ್ಯೋ.

ಕಿರಿಯಳು: ಒಬ್ಬ ಮನುಷ್ಯ ಹತ್ತು ವರ್ಷ ಹೆಚ್ಚುಕಮ್ಮಿ ಒಬ್ಬನೇ ಕೂತು ಬರೆದ ಪ್ರೋಗ್ರಾಂ. ಅದರ ಮೇಲೆ ಎಷ್ಟೋ ದೇಶಗಳಲ್ಲಿ ಪಿಎಚ್.ಡಿ. ಪ್ರಬಂಧಗಳು ನಿಂತಿವೆ. ಕೋಡ್ ಮುಚ್ಚೇ ಇದ್ದಿದ್ದರೆ ಮುಂದಿನ ವಿಂಡೋಸ್ ಬಂದಾಗ ಅದು ನಿಲ್ಲೋದು, ಅದರ ಜೊತೆ ಆ ಪ್ರಬಂಧಗಳ ಅಂಕಿಗಳನ್ನು ಪರೀಕ್ಷೆ ಮಾಡೋ ದಾರಿಯೂ ನಿಲ್ಲೋದು. ತೆರೆದಿದ್ದರಿಂದ ವರೂಡಿಸ್ ಅದನ್ನು ಕೈಗೆತ್ತಿಕೊಂಡು, ಮ್ಯಾಕ್, ಲಿನಕ್ಸ್ ಮೇಲೂ ಓಡುವಂತೆ ಮಾಡಿ, ಡೆಪ್ತ್‌ಮ್ಯಾಪ್‌ಎಕ್ಸ್ ಅಂತ ಹೆಸರಿಟ್ಟು ಬಿಟ್ಟರು. ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಅದು.

ಹಿರಿಯರು: ಇದು ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ. ಇನ್ನರ್ಧ ದುಡ್ಡಿನದು. ವಿಶ್ವವಿದ್ಯಾನಿಲಯ ಲೈಸೆನ್ಸ್ ಮಾರಿ ನಾಲ್ಕು ಕಾಸು ಮಾಡಬಹುದಿತ್ತು.

ಕಿರಿಯಳು: ಜಗತ್ತಿನಲ್ಲಿ ಎಷ್ಟು ಜನ ಕೊಳ್ತಾರೆ ಹೇಳಿ ಇದನ್ನು? ಆಟೋಕ್ಯಾಡ್ ಹಾಗಲ್ಲ ಇದು. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿಗಳೇ. ಅವರ ಹತ್ತಿರ ದುಡ್ಡಿರಲ್ಲ. ಇನ್ನು ಆ ವಿಶ್ವವಿದ್ಯಾನಿಲಯದಿಂದಲೇ ಹುಟ್ಟಿದ ಸಲಹಾ ಕಂಪನಿ ಇದೆ. ಕೋಡ್ ತೆರೆದ ಮಾತ್ರಕ್ಕೆ ಅದು ಬಾಗಿಲು ಹಾಕಿಕೊಳ್ಳಲಿಲ್ಲ. ಊರಿನವರು ಅವರನ್ನು ಕರೆಸೋದು ಅವರ ಅನುಭವಕ್ಕೆ. ಬಟನ್ ಒತ್ತೋಕೆ ಯಾರೂ ಲಂಡನ್ನಿನಿಂದ ಕರೆಸಲ್ಲ.

ಹಿರಿಯರು: ಇಲ್ಲಿಂದಲೂ ಕರೆಸ್ತಿದ್ದರು, ಬಿಡು. ಬಟನ್ ಒತ್ತೋಕೇ ಕರೆಸ್ತಿದ್ದರು. ಈಗ ನನ್ನ ನಿಜವಾದ ಅನುಮಾನಕ್ಕೆ ಬರ್ತೀನಿ. ತೆರೆದಿಟ್ಟ ಕೋಡನ್ನು ಓದೋರು ಯಾರು? ನೀನು ಓದಿದ್ದೀಯ?

ಕಿರಿಯಳು: ಎಲ್ಲ ಓದಿಲ್ಲ. ನನಗೆ ಬೇಕಾದ ಎರಡು ಮೂರು ಕಡೆ ಓದಿದ್ದೀನಿ. ಸಿ ಪ್ಲಸ್ ಪ್ಲಸ್, ಸಲೀಸಲ್ಲ. ಟರ್ನರ್ ತಮ್ಮೊಬ್ಬರಿಗೆ ಅರ್ಥವಾದರೆ ಸಾಕು ಅಂತ ಬರೆದ ಸಾಲುಗಳೂ ಇವೆ ಅನ್ನಿಸುತ್ತೆ.

ಹಿರಿಯರು: ನೋಡು ಮತ್ತೆ. ಗೆಜೆಟ್ಟಿನಲ್ಲೂ ಎಲ್ಲ ಪ್ರಕಟ ಆಗುತ್ತೆ. ಆಕ್ಷೇಪಣೆಗೆ ದಿನ ಕೊಡ್ತೀವಿ. ಯಾರೂ ಓದಲ್ಲ. ಓದಿದರೂ ಅರ್ಥ ಆಗಲ್ಲ. ಪ್ರಕಟಿಸಿದ್ದೀವಿ ಅಂತ ನಾವು ಕಡತದಲ್ಲಿ ಬರೆದು ಕೈತೊಳ್ಕೋತೀವಿ.

ಕಿರಿಯಳು: ಆದರೂ ಗೆಜೆಟ್ ಇಟ್ಟುಕೊಂಡು ಹೈಕೋರ್ಟಿಗೆ ಹೋದ ಒಬ್ಬ ನೆನಪಿಲ್ಲವೇ ನಿಮಗೆ?

ಹಿರಿಯರು: ಒಬ್ಬನೇನು, ಬೇಕಾದಷ್ಟು ಜನ. ನಾನೇ ಕಟಕಟೆ ಹತ್ತಿದ್ದೀನಿ.

ಕಿರಿಯಳು: ಆ ಒಬ್ಬನಿಗೋಸ್ಕರ ತೆರೆದಿಡೋದು. ಸಾವಿರ ಜನ ಓದಬೇಕಿಲ್ಲ. ಇನ್ನೊಂದು, ಓದದೆಯೂ ಪರೀಕ್ಷೆ ಮಾಡಬಹುದು. ಈ ಫೋಲ್ಡರ್ ನೋಡಿ. ಇಲ್ಲಿ ಪುಟ್ಟಪುಟ್ಟ ನಕ್ಷೆಗಳಿವೆ. ಯಾರಾದರೂ ಕೋಡಿನಲ್ಲಿ ಒಂದು ಸಾಲು ಬದಲಿಸಿದರೆ, ಈ ನಕ್ಷೆಗಳನ್ನು ಹಳೇ ಪ್ರೋಗ್ರಾಮಿನಲ್ಲೂ ಹೊಸದರಲ್ಲೂ ಓಡಿಸಿ ಅಂಕಿ ತಾಳೆ ನೋಡ್ತಾರೆ. ವ್ಯತ್ಯಾಸ ಬಂದರೆ ಯಾಕೆ ಬಂತು ಅಂತ ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ.

ಹಿರಿಯರು: ಹಳೇದರಲ್ಲೇ ತಪ್ಪಿದ್ದರೆ? ಆ ತಪ್ಪನ್ನೇ ಪಾಲಿಸಿಕೊಂಡು ಬರ್ತೀರೋ?

ಕಿರಿಯಳು: ಈ ಪ್ರಶ್ನೆ ನನಗೂ ಕಷ್ಟ. ತಿದ್ದಿದರೆ ಹಿಂದೆ ಅಚ್ಚಾದ ಪ್ರಬಂಧಗಳ ಅಂಕಿ ಇವತ್ತಿನದಕ್ಕೆ ತಾಳೆ ಆಗಲ್ಲ. ತಿದ್ದದಿದ್ದರೆ ತಪ್ಪಿನ ಮೇಲೆ ತಪ್ಪು. ಅದಕ್ಕೇ ಯಾವ ಆವೃತ್ತಿಯಲ್ಲಿ ಲೆಕ್ಕ ಹಾಕಿದೆ ಅಂತ ಬರೆದಿಡಬೇಕು. ಮುಚ್ಚಿದ ಸಾಫ್ಟ್‌ವೇರಿನಲ್ಲಿ ಹಳೇ ಆವೃತ್ತಿ ಆಮೇಲೆ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಇಲ್ಲಿ ಪ್ರತಿ ಬದಲಾವಣೆಗೂ ತಾರೀಕು ಇದೆ, ಮಾಡಿದವರ ಹೆಸರಿದೆ, ಹಿಂದಕ್ಕೆ ಹೋಗಿ ಆ ದಿನದ ಪ್ರೋಗ್ರಾಮನ್ನೇ ಮತ್ತೆ ಕಟ್ಟಿಕೊಳ್ಳಬಹುದು.

ಹಿರಿಯರು: ಟಿಪ್ಪಣಿ ಹಾಳೆ ಇಟ್ಟ ಕಡತ ಅನ್ನು.

ಕಿರಿಯಳು: ಕಳೆದುಹೋಗದ ಕಡತ.

ಹಿರಿಯರು: ಕುಟುಕಿದೆಯಾ, ಇರಲಿ. ಇನ್ನೊಂದು ಕೇಳ್ತೀನಿ. ಪುಕ್ಕಟೆ ಆಯಿತು ಅಂದಮೇಲೆ ಕಂಡಕಂಡವರೆಲ್ಲ ಬಣ್ಣದ ನಕ್ಷೆ ಮಾಡ್ತಾರಲ್ಲ? ನಿಮ್ಮ ಕಾಲೇಜುಗಳ ಶೀಟುಗಳನ್ನು ನೋಡಿದ್ದೀನಿ. ಪ್ರತಿಯೊಂದರ ಮೂಲೆಯಲ್ಲೂ ಒಂದು ಕೆಂಪು ನೀಲಿ ಚಿತ್ರ. ಅಲಂಕಾರಕ್ಕೆ.

ಕಿರಿಯಳು: ಅಲಂಕಾರವಾದರೆ ಪರವಾಗಿಲ್ಲ, ಎಷ್ಟೋ ಸಲ ಅದು ತಪ್ಪು. ಮಲ್ಲೇಶ್ವರದ ನಕ್ಷೆಯನ್ನು ರೈಲು ಹಳಿ ಹತ್ತಿರ ಕತ್ತರಿಸಿ ಲೆಕ್ಕಕ್ಕೆ ಕೊಡ್ತಾರೆ. ಪ್ರೋಗ್ರಾಮಿಗೆ ಊರು ಅಲ್ಲಿಗೇ ಮುಗೀತು. ಅಂಚಿನ ಬೀದಿಗಳೆಲ್ಲ ಸಂಬಂಧ ಕಳೆದುಕೊಂಡು ನೀಲಿಯಾಗ್ತವೆ, ಸುಮ್ಮನೆ ಕತ್ತರಿಸಿದ ಜಾಗದಿಂದಾಗಿ. ಅದಕ್ಕಿಂತ ಮೋಸದ್ದು ಬಣ್ಣ. ಆ ನಕ್ಷೆಯಲ್ಲಿ ಅತಿ ಕಡಿಮೆ ತಿರುವು ಯಾವುದಕ್ಕೋ ಅದು ಕೆಂಪು, ಅತಿ ಹೆಚ್ಚು ಯಾವುದಕ್ಕೋ ಅದು ನೀಲಿ. ಹಳ್ಳಿ ನಕ್ಷೆ ಕೊಟ್ಟರೂ ಒಂದು ಬೀದಿ ಕೆಂಪಾಗೇ ಆಗುತ್ತೆ. ಎರಡು ನಕ್ಷೆ ಅಕ್ಕಪಕ್ಕ ಇಟ್ಟು ‘ಇಲ್ಲಿಯೂ ಕೆಂಪು, ಅಲ್ಲಿಯೂ ಕೆಂಪು’ ಅಂತ ಹೇಳೋ ಹಾಗೇ ಇಲ್ಲ, ಅಂಕಿ ನೋಡಬೇಕು. ಮುಚ್ಚಿದ ಸಾಫ್ಟ್‌ವೇರಿನಲ್ಲೂ ಈ ತಪ್ಪು ಮಾಡ್ತಿದ್ದರು. ತೆರೆದದ್ದರಲ್ಲಿ ಮಾಡಿದರೆ ನಾನು ಅದೇ ನಕ್ಷೆ, ಅದೇ ಆವೃತ್ತಿ ತಗೊಂಡು ತೋರಿಸಿಕೊಡಬಹುದು.

ಹಿರಿಯರು: ನಕ್ಷೆ ಕೊಟ್ಟರೆ.

ಕಿರಿಯಳು: ಹ್ಞಾಂ, ನಕ್ಷೆ ಕೊಟ್ಟರೆ.

ಹಿರಿಯರು: ನಾವು ಕೊಡ್ತಿರಲಿಲ್ಲ. ಸರ್ವೆ ಹಾಳೆ ಬೀರುವಿನಲ್ಲಿ ಬೀಗ ಹಾಕಿ ಇಡೋದು. ಎಷ್ಟೋ ಹಾಳೆಗಳಿಗೆ ‘ನಿರ್ಬಂಧಿತ’ ಅಂತ ಮುದ್ರೆ.

ಕಿರಿಯಳು: 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಹಿತಿಯ ನಿಯಮ ಬಹಳ ಸಡಿಲ ಮಾಡಿತು ದೊಡ್ಡಪ್ಪ. ಅದಕ್ಕಿಂತ ಮುಂಚಿನಿಂದಲೂ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, ಸ್ವಯಂಸೇವಕರು ಎಳೆದ ರಸ್ತೆಗಳು. ಟರ್ನರ್ ಅವರೇ ಕೊನೆ ಕೊನೆಗೆ ಕೈಯಿಂದ ಎಳೆದ ಗೆರೆ ಬಿಟ್ಟು ರಸ್ತೆಯ ನಡುಗೆರೆ ತಗೊಂಡು, ತಿರುವಿನ ಕೋನ ಅಳೆದು ಲೆಕ್ಕ ಮಾಡೋ ದಾರಿ ತೋರಿಸಿದ್ದರು. ಆ ಲೆಕ್ಕಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪಿನ ರಸ್ತೆಗಳು ಒದಗಿಬರುತ್ತವೆ, ಸ್ವಲ್ಪ ಗುಡಿಸಿ ಒರೆಸಬೇಕು ಅಷ್ಟೆ. ಕೋಡ್ ಒಂದು ಕಡೆ ತೆರೆದು ನಕ್ಷೆ ಇನ್ನೊಂದು ಕಡೆ ಮುಚ್ಚಿದ್ದರೆ ಪ್ರಯೋಜನವಿಲ್ಲ ಅನ್ನೋದು ನಿಮ್ಮ ಮಾತೇ ಆದರೆ, ನನ್ನದೂ ಅದೇ.

ಹಿರಿಯರು: ನನ್ನ ಮಾತು ಇನ್ನೂ ಇದೆ. ಜಿಪಿಎಲ್ ಅಂದೆಯಲ್ಲ, ಅದರ ಷರತ್ತು ಏನು? ಕನ್ಸಲ್ಟೆಂಟ್ ಈ ಕೋಡ್ ತಗೊಂಡು ತನಗೆ ಬೇಕಾದ ಹಾಗೆ ತಿದ್ದಿ ನಮ್ಮ ಊರಿನ ಲೆಕ್ಕ ಮಾಡಿದ ಅಂತಿಟ್ಟುಕೋ. ತಿದ್ದಿದ್ದನ್ನು ಅವನು ತೋರಿಸಲೇಬೇಕೋ?

ಕಿರಿಯಳು: ತಿದ್ದಿದ ಪ್ರೋಗ್ರಾಮನ್ನು ಇನ್ನೊಬ್ಬರಿಗೆ ಹಂಚಿದರೆ ಅದರ ಕೋಡನ್ನೂ ಕೊಡಬೇಕು. ತನ್ನ ಕಚೇರಿಯೊಳಗೇ ಓಡಿಸಿ ನಿಮಗೆ ಬರೀ ವರದಿ ಕೊಟ್ಟರೆ... ಕೊಡಬೇಕಾಗಿಲ್ಲ.

ಹಿರಿಯರು: ನೋಡಿದೆಯಾ! ಅವನು ನಮಗೆ ಪ್ರೋಗ್ರಾಂ ಕೊಡೋದೇ ಇಲ್ಲ. ಪಿಡಿಎಫ್ ಕೊಡ್ತಾನೆ. ನಿಮ್ಮ ಪರವಾನಗಿ ನಮ್ಮ ಕಚೇರಿ ಬಾಗಿಲಲ್ಲೇ ನಿಂತುಹೋಯಿತು.

ಕಿರಿಯಳು: ಇದನ್ನು ನಾನು ಇಷ್ಟು ಸ್ಪಷ್ಟವಾಗಿ ಯೋಚನೆ ಮಾಡಿರಲಿಲ್ಲ.

ಹಿರಿಯರು: ನೀವು ಓದಿದವರು ಪರವಾನಗಿ ನೋಡ್ತೀರಿ, ನಾವು ಕರಾರುಪತ್ರ ನೋಡ್ತೀವಿ. ಈ ತರಹದ ಊರಿನ ಮಾದರಿಗಳ ಬಗ್ಗೆ ಯಾರೋ ಹಿಂದೆಯೇ ಬರೆದಿದ್ದರಲ್ಲ, ನಾನು ಟ್ರೇನಿಂಗಿನಲ್ಲಿ ಓದಿದ್ದೆ. ಅಮೆರಿಕದವನು.

ಕಿರಿಯಳು: ಡಗ್ಲಸ್ ಲೀ ಇರಬೇಕು. 1973ರ ಲೇಖನ, ದೊಡ್ಡ ಪ್ರಮಾಣದ ನಗರ ಮಾದರಿಗಳಿಗೆ ಶ್ರದ್ಧಾಂಜಲಿ ಅನ್ನೋ ಧಾಟಿಯದು. ಏಳು ಪಾಪಗಳ ಪಟ್ಟಿ ಮಾಡಿದ್ದರು. ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯೋ ದುರಾಸೆ, ಮಾಹಿತಿಯ ಹಸಿವು, ಅತಿಯಾದ ತೊಡಕು, ಖರ್ಚು...

ಹಿರಿಯರು: ಅವನೇ. ಒಳಗೆ ಏನು ನಡೀತಿದೆ ಅಂತ ಬಳಸುವವನಿಗೇ ಗೊತ್ತಾಗದಷ್ಟು ತೊಡಕು ಅಂದಿದ್ದ. ಅವತ್ತಿನ ಯಂತ್ರಗಳು ಮೂಲೆ ಸೇರಿದವು, ಮಾತು ಸೇರಲಿಲ್ಲ. ಆದರೆ ಒಂದು ಹೇಳು, ತೆರೆದಮೇಲೆ ಸಾಕುವವರು ಯಾರು? ಇಲಾಖೆ ಕಟ್ಟಿದ ಪಾರ್ಕುಗಳ ಗತಿ ನೋಡಿದ್ದೀಯ. ಉದ್ಘಾಟನೆಗೆ ಮಂತ್ರಿ, ನಿರ್ವಹಣೆಗೆ ಮಾಲಿ ಇಲ್ಲ.

ಕಿರಿಯಳು: ಅದು ನಿಜವಾದ ಕೊರತೆ. ವಿಶ್ವವಿದ್ಯಾನಿಲಯಗಳು ಪ್ರಬಂಧಕ್ಕೆ ಅಂಕ ಕೊಡ್ತವೆ, ಬೇರೆಯವರ ಕೋಡಿನ ಹುಳುಕು ಸರಿಪಡಿಸಿದವನಿಗೆ ಬಡ್ತಿ ಕೊಡಲ್ಲ. ಆದರೂ ಉಳಿದ ಉದಾಹರಣೆ ಇದೆ. ಗ್ರಾಸ್ ಅಂತ ಒಂದು ನಕ್ಷೆ ಸಾಫ್ಟ್‌ವೇರ್. 1980ರ ದಶಕದಲ್ಲಿ ಅಮೆರಿಕದ ಸೇನೆಯ ಎಂಜಿನಿಯರಿಂಗ್ ಪ್ರಯೋಗಾಲಯ ಅದನ್ನು ಬೆಳೆಸಿತು, 90ರ ದಶಕದ ನಡುವೆ ಕೈಬಿಟ್ಟಿತು. ಕೋಡ್ ಸಾರ್ವಜನಿಕವಾಗಿದ್ದರಿಂದ ವಿಶ್ವವಿದ್ಯಾನಿಲಯದವರು ಎತ್ತಿಕೊಂಡರು. ಜರ್ಮನಿಯ ಹ್ಯಾನೋವರಿನಲ್ಲಿ ಮಾರ್ಕುಸ್ ನೆಟೆಲರ್ ಮುಂದೆ ನಿಂತರು, 1999ರಲ್ಲಿ ಜಿಪಿಎಲ್ ಅಡಿಗೆ ತಂದರು. ಇವತ್ತಿಗೂ ಬದುಕಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಂಗಳೂರಿನ ಕೆರೆ, ಹಸಿರು ಎಷ್ಟು ಕರಗಿತು ಅಂತ ಲೆಕ್ಕ ತೆಗೆದವರು ಬಳಸಿದ ಸಲಕರಣೆಗಳಲ್ಲಿ ಅದೂ ಒಂದು. ಸೇನೆಯವರು ಕೋಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ನಮ್ಮ ಕೆರೆ ಲೆಕ್ಕಕ್ಕೆ ಸಂಸ್ಥೆಯವರು ಬೇರೆ ದಾರಿ ಹುಡುಕಬೇಕಿತ್ತು.

ಹಿರಿಯರು: ಅಂದರೆ ಬರೆದವನು ಬದುಕಿದ್ದಾಗಲೇ, ಕೇಳಿದರೆ ಉತ್ತರ ಕೊಡೋ ಸ್ಥಿತಿಯಲ್ಲಿದ್ದಾಗಲೇ ತೆರೆಯಬೇಕು. ನಿವೃತ್ತಿ ದಿನ ಚಾರ್ಜ್ ಒಪ್ಪಿಸೋ ಹಾಗೆ ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು ಹೋದರೆ ಯಾವ ಕೈ ಯಾವ ಬೀಗಕ್ಕೆ ಅಂತ ಹೇಳೋರಿರಲ್ಲ.

ಕಿರಿಯಳು: ನಮ್ಮಲ್ಲಿ ಅಷ್ಟೂ ಇಲ್ಲ. ಇಲ್ಲಿನ ಕಾಲೇಜುಗಳಲ್ಲಿ ಎಂ.ಟೆಕ್. ಹುಡುಗರು ಬಸ್ಸು ಸಂಚಾರಕ್ಕೆ, ನೀರು ಹರಿವಿಗೆ ಒಳ್ಳೊಳ್ಳೆ ಪ್ರೋಗ್ರಾಂ ಬರೀತಾರೆ. ವೈವಾ ಮುಗಿದ ದಿನ ಅದು ಪೆನ್‌ಡ್ರೈವ್ ಸೇರುತ್ತೆ. ಪ್ರಬಂಧ ಗ್ರಂಥಾಲಯದಲ್ಲಿರುತ್ತೆ, ಲೆಕ್ಕ ಮಾಡಿದ ಯಂತ್ರ ಇರಲ್ಲ. ಅದರ ಹಕ್ಕು ಹುಡುಗನದೋ, ಗೈಡಿನದೋ, ಕಾಲೇಜಿನದೋ ಅಂತಲೂ ಯಾರೂ ಕೇಳಿರಲ್ಲ. ಪರವಾನಗಿ ಬರೆದು ಫೈಲಿನ ತಲೆಯ ಮೇಲೆ ಅಂಟಿಸಬೇಕಾದರೆ ಮೊದಲು ಅದು ತೀರ್ಮಾನ ಆಗಬೇಕು. ಪ್ರಬಂಧ ಸಲ್ಲಿಸುವಾಗ ಕೋಡನ್ನೂ ಸಲ್ಲಿಸಿ ಅಂತ ವಿಶ್ವವಿದ್ಯಾನಿಲಯಗಳು ಒಂದು ನಿಯಮ ಮಾಡಿದರೆ ಸಾಕು.

ಹಿರಿಯರು: ಅದು ನಿಮ್ಮ ಕಡೆಯ ಕೆಲಸ. ನಮ್ಮ ಕಡೆಯದು ನಾನು ಹೇಳ್ತೀನಿ, ಬರಕೋ. ಸರ್ಕಾರಿ ದುಡ್ಡಿನಲ್ಲಿ ನಗರದ ಅಧ್ಯಯನ ಮಾಡಿಸುವಾಗ ಟೆಂಡರಿನಲ್ಲೇ ಒಂದು ಷರತ್ತು ಸೇರಿಸಬೇಕು. ವರದಿ ಜೊತೆ ಮೂಲ ನಕ್ಷೆಯ ಫೈಲು, ಬಳಸಿದ ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಒತ್ತಿದ ಬಟನ್‌ಗಳ ವಿವರ, ಕೋಡ್ ತಿದ್ದಿದ್ದರೆ ತಿದ್ದಿದ ಕೋಡು, ಇಷ್ಟನ್ನೂ ಒಪ್ಪಿಸಬೇಕು. ಇಲಾಖೆ ಅದನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಆಕ್ಷೇಪಣೆಯ ಅವಧಿ ಅದು ಬಿದ್ದ ದಿನದಿಂದ ಶುರುವಾಗಬೇಕು, ಪಿಡಿಎಫ್ ಬಿದ್ದ ದಿನದಿಂದಲ್ಲ. ಹೊರಗಿನವರೊಬ್ಬರು, ನಿನ್ನಂಥವರೇ ಆಗಲಿ, ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ಅದೇ ಅಂಕಿ ಬಂತು ಅಂತ ಸಹಿ ಹಾಕಬೇಕು.

ಕಿರಿಯಳು: ಅಂಕಿ ಬರದಿದ್ದರೆ?

ಹಿರಿಯರು: ಕೊನೇ ಕಂತಿನ ಬಿಲ್ ಪಾಸ್ ಮಾಡಬಾರದು.